ಸೆಪರೇಟ್‌ನೊಳಗಿನ ಇಲಿ

ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿರುವ ನನ್ನ ಅಳಿಯ ಮೊನ್ನೆ ಜೋಳದ ರೊಟ್ಟಿ ಮುರಿಯುತ್ತ ಕೇಳಿದ: "ಮಾವ, ಸೆಪರೇಟ್ ಪದದೊಳಗೆ ಯಾವ ಪ್ರಾಣಿ ಇದೆ?" ನಾನು ತಬ್ಬಿಬ್ಬಾದೆ. "ಇಲಿ! ಪಿ ಆದ ಮೇಲೆ ಎ, ಅದರ ಹಿಂದೆಯೇ ಆರ್ ಎ ಟಿ." ಪಿ ಮುಂದೆ ಇ ಬರೆದವನ ಅಂಕ ಹೋಯಿತು; ಆ ಒಂದು ಅಂಕದಲ್ಲಿ ನೌಕರಿಯೂ ಹೋಗಬಹುದು. ದಾಖಲೆ ಕೋಣೆಯಲ್ಲಿ ಕಡತ ತಿನ್ನುವ ಇಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಪದದೊಳಗಿನ ಇಲಿಯನ್ನು ಹಿಡಿದವನಿಗೆ ಮಾತ್ರ ಅದೇ ಕಚೇರಿಯಲ್ಲಿ ಕುರ್ಚಿ.

ಈ ಇಲಿ ಹಿಡಿಯುವ ವಿದ್ಯೆ ಕಲಿಸಲು ಕಲಬುರಗಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಬರವಿಲ್ಲ. ಅಳಿಯ ಹೋಗುವ ಕೇಂದ್ರದ ಬಾಗಿಲ ಮೇಲಿನ ಫ್ಲೆಕ್ಸಿನಲ್ಲಿ ಕಾಂಪಿಟಿಟಿವ್ ಎಂಬ ಪದವಿದೆ. ಎರಡನೆಯ ಐ ಕೂರಬೇಕಾದಲ್ಲಿ ಎ ಕುಳಿತಿದೆ. ಕೇಳಿದರೆ ಮೇಷ್ಟ್ರು, "ಅದು ಫ್ಲೆಕ್ಸ್ ಅಂಗಡಿಯವನ ತಪ್ಪು ಸರ್" ಎಂದರು. ಅಂಗಡಿಯವನೋ, "ನಾನು ಚದರ ಅಡಿಗೆ ದುಡ್ಡು ತೆಗೆದುಕೊಂಡಿದ್ದೇನೆ, ಅಕ್ಷರಕ್ಕಲ್ಲ" ಎಂದ. ಇಬ್ಬರದೂ ನ್ಯಾಯವಾದ ಮಾತು.

ಲಾಡ್ಜುಗಳ ಬೋರ್ಡುಗಳನ್ನು ನಾನು ಹಿಂದೆಯೇ ಕ್ಷಮಿಸಿದ್ದೇನೆ. ಅಕಾಮಡೇಷನ್‌ಗೆ ಎರಡು ಸಿ, ಎರಡು ಎಂ ಬೇಕು. ಉರುಸು, ಜಾತ್ರೆಗಳ ದಿನ ಇಬ್ಬರ ಕೋಣೆಯಲ್ಲಿ ಆರು ಜನರನ್ನು ಮಲಗಿಸುವವರಿಗೆ ಒಂದು ಎಂ ಜಾಗವೂ ದುಬಾರಿಯೇ. ಸ್ಟೇಷನರಿಯ ವಿಷಯದಲ್ಲಂತೂ ತಪ್ಪು ಬರೆದವರ ಪಾದ ಮುಟ್ಟಿ ನಮಸ್ಕರಿಸಬೇಕು. ಇ ಹಾಕಿದರೆ ಕಾಗದ, ಪೆನ್ನು. ಎ ಹಾಕಿದರೆ ಕದಲದೆ ನಿಂತದ್ದು. ಒಂದು ಕಚೇರಿಯ ಕೋಣೆಯ ಮೇಲೆ ಎ ಇರುವ ಫಲಕ ಕಂಡೆ. ನನ್ನ ಅರ್ಜಿ ಹನ್ನೊಂದು ತಿಂಗಳಿನಿಂದ ಆ ಕೋಣೆಯಲ್ಲೇ ಇದೆ. ಇಡೀ ಕಟ್ಟಡದಲ್ಲಿ ಸರಿಯಾಗಿ ಬರೆದ ಪದ ಅದೊಂದೇ.

ಇನ್ನು ಊರಿನ ಹೆಸರು. 2014ರ ನವೆಂಬರ್ 1ರಂದು ಗುಲಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. ವಿಶ್ವವಿದ್ಯಾಲಯ ಮಾತ್ರ 1980ರಲ್ಲಿ ಇಟ್ಟ ಹೆಸರನ್ನು ಬಿಡಲಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ಲ ಆದ ಮೇಲಿನ ಎ ನುಂಗುತ್ತಾರೆ, ಇನ್ನೊಬ್ಬರು ರ ಆದ ಮೇಲಿನದನ್ನು, ಹಸಿದವರು ಎರಡನ್ನೂ. ಸ್ಟೇಷನ್ ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ನಾಲ್ಕು ಊರು ನೋಡಿದ ಪುಣ್ಯ. ಈ ವ್ಯಾಜ್ಯವನ್ನು ಸರಿಯಾಗಿ ಬಗೆಹರಿಸಿದ್ದು ರೈಲ್ವೆಯವರೇ. ನಿಲ್ದಾಣದ ಕೋಡ್ ಕೆ, ಎಲ್, ಬಿ, ಜಿ. ಸ್ವರಗಳೇ ಇಲ್ಲ, ಜಗಳವೂ ಇಲ್ಲ.

ಇಂಗ್ಲಿಷರಾದರೂ ಸಾಚಾಗಳೇ? ಸಾಲ ಎಂಬ ಅರ್ಥದ ಡೆಟ್ ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲಿಲ್ಲ. ಲ್ಯಾಟಿನ್ ಮೂಲ ಕಾಣಲಿ ಎಂದು ಪಂಡಿತರು ಆಮೇಲೆ ತುರುಕಿದರು. ಬಾಯಲ್ಲಿ ಹೇಳುವಾಗ ಇಲ್ಲದ್ದು ಕಾಗದದಲ್ಲಿ ಹೇಗೆ ಸೇರಿತು ಎಂದು ನಮ್ಮ ತೊಗರಿ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರ ಸಾಲಪತ್ರಗಳೂ ಹಾಗೆಯೇ ಇರುತ್ತವೆ. ದ್ವೀಪಕ್ಕೆ ಬಳಸುವ ಐಲ್ಯಾಂಡ್ ಪದದ ಎಸ್ ಕೂಡ ಲ್ಯಾಟಿನ್ ನಂಟಿದೆ ಎಂಬ ತಪ್ಪು ತಿಳಿವಳಿಕೆಯಿಂದ ಬಂದು ಕುಳಿತದ್ದು. ಅವರು ಮಾಡಿದ ತಪ್ಪು ನಿಘಂಟು ಸೇರಿತು. ಅದನ್ನು ನಾವು ಸರಿಯಾಗಿ ಬರೆಯದಿದ್ದರೆ ನೌಕರಿಯಿಲ್ಲ.

ಕನ್ನಡದ ತಪ್ಪಿಗೆ ಈ ಭಯವೂ ಇಲ್ಲ. 2024ರ ಕಾನೂನಿನ ಪ್ರಕಾರ ನಾಮಫಲಕದ ಶೇಕಡಾ 60 ಭಾಗ ಕನ್ನಡವಿರಬೇಕು. ಹೀಗಾಗಿ ಆ ಕೋಚಿಂಗ್ ಕೇಂದ್ರದ ಫ್ಲೆಕ್ಸಿನಲ್ಲಿ ಸ್ಪರ್ಧೆಯ ಧ ಹೊಟ್ಟೆ ಸೀಳಿಸಿಕೊಳ್ಳದೆ ದ ಆಗಿ, ದೂರದಿಂದಲೂ ಕಾಣುವಷ್ಟು ದಪ್ಪಗೆ ನಿಂತಿದೆ. ಒಂಬತ್ತನೆಯ ಶತಮಾನದಲ್ಲಿ ಇದೇ ಜಿಲ್ಲೆಯ ಮಳಖೇಡದ ಆಸ್ಥಾನದಲ್ಲಿ ಕೂತು ಕನ್ನಡ ಕಾವ್ಯದ ದೋಷಗಳನ್ನು ವಿಂಗಡಿಸಿದವರಿದ್ದರು. ಈಗ ಬಂದರೆ ಅವರನ್ನು ಮೊದಲು ಸೆಪರೇಟ್ ಬರೆಯಲು ಹೇಳುತ್ತಿದ್ದರು.

ನಿನ್ನೆ ಅಳಿಯನ ಕೋಚಿಂಗ್ ಶುಲ್ಕದ ಎರಡನೆಯ ಕಂತು ಕಟ್ಟಿ ಬಂದೆ. ರಸೀದಿಯನ್ನು ನೋಡಿ ಅವನು ಹುಬ್ಬೇರಿಸಿದ. "ಮಾವ, ರಿಸೀವ್ಡ್ ಪದದಲ್ಲಿ ಐ ಮೊದಲು ಬಂದಿದೆ, ಇ ಆಮೇಲೆ." ಮೊತ್ತ ನೋಡಿದೆ. ಅಂಕಿಯಲ್ಲೂ ಅಕ್ಷರದಲ್ಲೂ ಒಂದಿಷ್ಟೂ ತಪ್ಪಿರಲಿಲ್ಲ.