ಲಿಂಗಾಯತರ ಶವಸಂಸ್ಕಾರದ ಕುರಿತ ಸಂದೇಶ: ಒಂದು ಸ್ಪಷ್ಟನೆ

ಶವವನ್ನು ಹೂಳುವ ಪದ್ಧತಿಯನ್ನು ಲಿಂಗಾಯತರು ಬಹಮನಿ ಮತ್ತು ಆದಿಲಶಾಹಿ ಆಳ್ವಿಕೆಯಲ್ಲಿ ಮುಸ್ಲಿಮರಿಂದ ಕಲಿತರು ಎಂಬ ಸಂದೇಶವೊಂದು ಹುಬ್ಬಳ್ಳಿ-ಧಾರವಾಡ, ಗದಗ ಭಾಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದಕ್ಕೆ ಆಧಾರವಿಲ್ಲ.

ಇಷ್ಟಲಿಂಗ ಧರಿಸಿದ ದೇಹ ಪವಿತ್ರವಾದುದು, ಅದನ್ನು ಬೆಂಕಿಯಿಂದ ಶುದ್ಧಗೊಳಿಸಬೇಕಾಗಿಲ್ಲ, ಮರಣಕ್ಕೆ ಸೂತಕವೂ ಇಲ್ಲ ಎಂಬ ನಂಬಿಕೆಯ ಮೂಲ 12ನೇ ಶತಮಾನದ ಶರಣರ ವಿಚಾರದಲ್ಲಿದೆ. ಬಹಮನಿ ರಾಜ್ಯ ಸ್ಥಾಪನೆಯಾದದ್ದು 1347ರಲ್ಲಿ.

ವಿಧಿಯೂ ಪೂರ್ತಿ ಬೇರೆ. ಮುಸ್ಲಿಮರು ದೇಹವನ್ನು ಮಲಗಿಸಿ ಮುಖವನ್ನು ಮೆಕ್ಕಾದ ದಿಕ್ಕಿಗೆ ತಿರುಗಿಸುತ್ತಾರೆ. ಲಿಂಗಾಯತರಲ್ಲಿ ದೇಹಕ್ಕೆ ವಿಭೂತಿ ಧರಿಸಿ, ಕುಳಿತ ಭಂಗಿಯಲ್ಲೇ ವಿಮಾನದಲ್ಲಿ (ಶವವನ್ನು ಕೂರಿಸಿ ಹೊರುವ ಅಲಂಕೃತ ಚಟ್ಟದಲ್ಲಿ) ಹೊತ್ತು ತಂದು, ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ಕುಳಿತಂತೆಯೇ ಸಮಾಧಿಯ ಗುಣಿಯಲ್ಲಿಟ್ಟು, ಬಿಲ್ವಪತ್ರೆ, ವಿಭೂತಿಗಳೊಂದಿಗೆ ಮಣ್ಣು ಕೊಡುವುದು ರೂಢಿ. ನಮ್ಮ ಭಾಗದ ಹಳ್ಳಿಗಳಲ್ಲಿ ಇದನ್ನು ಕಣ್ಣಾರೆ ಕಂಡವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೂಳುವುದು ಹೊರಗಿನ ಪದ್ಧತಿ ಎಂಬ ಮಾತೇ ನಿಲ್ಲುವುದಿಲ್ಲ. ಸನ್ಯಾಸಿಗಳನ್ನೂ ಎಳೆಯ ಮಕ್ಕಳನ್ನೂ ಹೂಳುವ ಸಂಪ್ರದಾಯ ದಹನವನ್ನು ಅನುಸರಿಸುವ ಸಮುದಾಯಗಳಲ್ಲಿಯೂ ಇದೆ. 1929ರಲ್ಲಿ ದೇಹಬಿಟ್ಟ ಸನ್ಯಾಸಿ ಸಿದ್ಧಾರೂಢರ ಗದ್ದುಗೆ (ಸಮಾಧಿ) ಹುಬ್ಬಳ್ಳಿಯಲ್ಲಿಯೇ ಇದೆ. ಸಾವಾದ ಮನೆಯವರಿಗೆ ಇಂಥ ಸಂದೇಶ ಎಷ್ಟು ನೋವು ಕೊಡುತ್ತದೆಂಬುದನ್ನು ನೆನೆದು, ದಯವಿಟ್ಟು ಇದನ್ನು ಮುಂದಕ್ಕೆ ಕಳುಹಿಸಬೇಡಿ.