ಸ್ಪಷ್ಟನೆ: ಡೀಬಗ್ ಮಾಡಲು ದುಬಾರಿ ಜೆ-ಲಿಂಕ್ ಬೇಕೇ ಬೇಕು ಅಂತಿಲ್ಲ

"ಮೈಕ್ರೋಕಂಟ್ರೋಲರ್ ಡೀಬಗ್ ಮಾಡಲು ಜೆ-ಲಿಂಕ್ ಬೇಕೇ ಬೇಕು, ಇಲ್ಲದಿದ್ದರೆ ಬ್ರೇಕ್‌ಪಾಯಿಂಟ್ ಹಾಕಲು ಆಗಲ್ಲ" ಎಂಬ ಸಂದೇಶ ವಿದ್ಯಾರ್ಥಿಗಳ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಡೀಬಗ್ ಅಂದರೆ ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಚಿಪ್‌ನಲ್ಲಿ ಓಡುವ ಪ್ರೋಗ್ರಾಂನ ತಪ್ಪು ಹುಡುಕುವುದು. ಜೆ-ಲಿಂಕ್ ಅದಕ್ಕಾಗಿ ಕಂಪ್ಯೂಟರನ್ನು ಚಿಪ್‌ಗೆ ಜೋಡಿಸುವ ಸಾಧನ, ಅಂದರೆ ಪ್ರೋಬ್. ಬ್ರೇಕ್‌ಪಾಯಿಂಟ್ ಅಂದರೆ ಪ್ರೋಗ್ರಾಂ ನಿಲ್ಲಿಸಿ ನೋಡಲು ಗುರುತು ಹಾಕಿದ ಜಾಗ.

ರಾಸ್ಪ್‌ಬೆರಿ ಪೈ ಪಿಕೊ ಎಂಬ ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡ್ ಕಲಿಯುವವರಿಗೆ ಜೆ-ಲಿಂಕ್ ಬದಲು ಇನ್ನೊಂದು ಪಿಕೊ ಸಾಕು. 2021ರಲ್ಲಿ ಅದು ಬಂದಾಗ ಬೆಲೆ ಬರೀ 4 ಡಾಲರ್. ರಾಸ್ಪ್‌ಬೆರಿ ಪೈ ಉಚಿತವಾಗಿ ಕೊಡುವ ಡೀಬಗ್‌ಪ್ರೋಬ್ ಫರ್ಮ್‌ವೇರ್ (ಬೋರ್ಡ್‌ನೊಳಗೆ ಹಾಕುವ ಪ್ರೋಗ್ರಾಂ) ಈ ಎರಡನೇ ಪಿಕೊಗೆ ಹಾಕಿದರೆ ಅದೇ ಪ್ರೋಬ್ ಆಗುತ್ತದೆ. ಅದರ ಜಿಪಿ2 ಪಿನ್ನಿನಿಂದ ಡೀಬಗ್ ಮಾಡಬೇಕಾದ ಪಿಕೊದ ಎಸ್‌ಡಬ್ಲ್ಯೂಸಿಎಲ್‌ಕೆ (ಡೀಬಗ್ ಕ್ಲಾಕ್) ಪಿನ್ನಿಗೆ, ಜಿಪಿ3ರಿಂದ ಎಸ್‌ಡಬ್ಲ್ಯೂಡಿಐಒ (ಡೀಬಗ್ ಡೇಟಾ) ಪಿನ್ನಿಗೆ ವೈರ್ ಹಾಕಿ. ಎರಡೂ ಬೋರ್ಡ್‌ಗಳ ಗ್ರೌಂಡ್ ಪಿನ್ ಜೋಡಿಸಲು ಮರೆಯಬೇಡಿ, ಜಾಸ್ತಿ ಜನ ಎಡವುವುದು ಅಲ್ಲೇ. ಕಂಪ್ಯೂಟರಿನಲ್ಲಿ ಬೇಕಾಗುವ ಡೀಬಗ್ ಸಾಫ್ಟ್‌ವೇರ್‌ಗಳಾದ ಓಪನ್‌ಒಸಿಡಿ, ಜಿಡಿಬಿ ಎರಡೂ ಉಚಿತ. ಬ್ರೇಕ್‌ಪಾಯಿಂಟ್ ಆರಾಮಾಗಿ ಕೆಲಸ ಮಾಡುತ್ತದೆ.

ಆರ್ಡುಯಿನೊ ಊನೊ ಆರ್3 ಎಂಬ ಇನ್ನೊಂದು ಬೋರ್ಡ್‌ಗೆ ಈ ದಾರಿ ಹೊಂದುವುದಿಲ್ಲ. ಅದರ ಚಿಪ್ ಡೀಬಗ್‌ವೈರ್ ಎಂಬ ಬೇರೆಯೇ ಡೀಬಗ್ ವಿಧಾನ ಬಳಸುತ್ತದೆ.

ಆ ಸಂದೇಶ ನೋಡಿ ಎಷ್ಟೋ ಮಕ್ಕಳು ಸುಮ್ನೆ ಹಿಂದೆ ಸರಿಯಬಹುದು ಅಲ್ವಾ? ದಯವಿಟ್ಟು ಅದನ್ನು ಇನ್ನು ಫಾರ್ವರ್ಡ್ ಮಾಡಬೇಡಿ.