ಹ್ಯಾಂಡಿಕ್ಯಾಮ್ ಕೊಳ್ಳುವ ಮುಂಚೆ ಅಂಗಡಿಯ ಟ್ಯೂಬ್‌ಲೈಟಿಗೆ ಹಿಡಿದು ನೋಡ್ರಿ

ಹ್ಯಾಂಡಿಕ್ಯಾಮ್ ಡಬ್ಬಿಯ ಮೇಲೆ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಯಾವ ಸಂಖ್ಯೆ ಇರುತ್ತದೋ, ಮನೆಯ ವಿಡಿಯೊಗೆ ಎಲ್ಲಕ್ಕಿಂತ ಕಡಿಮೆ ಕೆಲಸಕ್ಕೆ ಬರುವುದು ಅದೇ. ಮದುವಿ, ಕುಬಸ, ತೊಟ್ಟಿಲು, ಜವಳ, ಶರಣಬಸವೇಶ್ವರರ ತೇರು ಎಲ್ಲವನ್ನೂ ಒಂದರಲ್ಲೇ ಹಿಡಿಯಬೇಕು, ಅದರಲ್ಲೇ ಫೋಟೊನೂ ಬರಬೇಕು ಎಂದು ಕಲಬುರಗಿಯ ಸುಪರ್ ಮಾರ್ಕೆಟ್ ಕಡೆ ಹೊರಟವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಮೆಗಾಪಿಕ್ಸೆಲ್, ಎಷ್ಟು ಝೂಮ್? ಮಾರುವವರಿಗೂ ಇವೆರಡೇ ಸುಲಭದ ಉತ್ತರ. (ಹ್ಯಾಂಡಿಕ್ಯಾಮ್ ಅನ್ನುವುದು ಕೈಯಲ್ಲಿ ಹಿಡಿಯುವ ವಿಡಿಯೊ ಕ್ಯಾಮೆರಾಗೆ ಸೋನಿ ಇಟ್ಟುಕೊಂಡ ಹೆಸರು. ನಮ್ಮ ಕಡೆ ಪ್ಯಾನಸೋನಿಕ್ ಇದ್ದರೂ ಹ್ಯಾಂಡಿಕ್ಯಾಮೇ, ಕ್ಯಾನನ್ ಇದ್ದರೂ ಹ್ಯಾಂಡಿಕ್ಯಾಮೇ. ಇಲ್ಲೂ ಹಾಗೇ ಬರೆದಿದ್ದೇನೆ.)

ಮೊದಲು ಫೋಟೊ ವಿಷಯ ಮುಗಿಸಿಬಿಡೋಣ. ಫೋಟೊ ಸಲುವಾಗಿ ಹ್ಯಾಂಡಿಕ್ಯಾಮ್ ಕೊಳ್ಳಬೇಡ್ರಿ. ಸೋನಿಯ ಎಚ್‌ಡಿಆರ್-ಸಿಎಕ್ಸ್405 ಎಂಬ ಮಾದರಿಯನ್ನೇ ಉದಾಹರಣೆಗೆ ತಗೊಳ್ರಿ. ಅದರ ಸೆನ್ಸರ್ (ಬೆಳಕನ್ನು ಚಿತ್ರ ಮಾಡುವ ಚಿಪ್) 1/5.8 ಇಂಚು ಎಂದು ಬರೆದಿರುತ್ತಾರೆ. ಅಳೆದರೆ ಮೂಲೆಯಿಂದ ಮೂಲೆಗೆ 3.1 ಮಿಲಿಮೀಟರ್. ಒಂದು ಜೋಳದ ಕಾಳಿನಷ್ಟೂ ಇಲ್ಲ. ವಿಡಿಯೊ ತೆಗೆಯುವಾಗ ಕೆಲಸ ಮಾಡುವ ಪಿಕ್ಸೆಲ್ ಸುಮಾರು 23 ಲಕ್ಷ. ಆದರೆ ಫೋಟೊ 9.2 ಮೆಗಾಪಿಕ್ಸೆಲ್, ಅಂದರೆ 92 ಲಕ್ಷ ಎಂದು ಹೇಳುತ್ತಾರೆ. ಉಳಿದ 69 ಲಕ್ಷ ಎಲ್ಲಿಂದ ಬಂತು? ಕ್ಯಾಮೆರಾ ಒಳಗೇ ಚಿತ್ರವನ್ನು ಎಳೆದು ಹಿಗ್ಗಿಸಿದ್ದು. ಅಂಬಲಿಗೆ ನೀರು ಸುರಿದಂತೆ: ಪಾತ್ರೆ ತುಂಬುತ್ತದೆ, ಹಿಟ್ಟು ಮಾತ್ರ ಮೊದಲಿದ್ದಷ್ಟೇ. ಈಗಿನ ಸಾಧಾರಣ ಮೊಬೈಲಿನ ಮುಖ್ಯ ಕ್ಯಾಮೆರಾದ ಸೆನ್ಸರ್ ಕೂಡ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಹಗಲು ಹೊತ್ತಿನಲ್ಲಿ ವ್ಯತ್ಯಾಸ ಅಷ್ಟು ಕಾಣಲಿಕ್ಕಿಲ್ಲ. ಸಂಜೆ ಆರತಿ ಹೊತ್ತಿಗೆ ಹಳೇ ವಾಡೆಯ ಪಡಸಾಲೆಯಲ್ಲಿ ತೆಗೆದು ನೋಡ್ರಿ, ಮುಖದ ಮೇಲೆ ರವೆ ಚೆಲ್ಲಿದಂತೆ ಕಾಣುತ್ತದೆ.

ಒಂದೇ ಒಂದು ಕಡೆ ಮಾತ್ರ ಹ್ಯಾಂಡಿಕ್ಯಾಮಿನ ಫೋಟೊ ಮೊಬೈಲನ್ನು ಸೋಲಿಸುತ್ತದೆ, ಅದು ದೂರದ ವಸ್ತು, ಒಳ್ಳೆ ಬಿಸಿಲು. ಇದೇ ಸಿಎಕ್ಸ್405ರ ಲೆನ್ಸ್ 26.8 ಮಿಮೀನಿಂದ ಶುರುವಾಗಿ 30 ಪಟ್ಟು ಹೋಗುತ್ತದೆ, ಅಂದರೆ 800 ಮಿಮೀ ದಾಟುತ್ತದೆ (35 ಮಿಮೀ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ; ಈ ಸಂಖ್ಯೆ ಕಡಿಮೆಯಿದ್ದಷ್ಟೂ ನೋಟ ಅಗಲ, ಹೆಚ್ಚಿದಷ್ಟೂ ದೂರದ್ದು ಹತ್ತಿರ). ಬೀದರಿನ ಆಕಾಶದಲ್ಲಿ ಸೂರ್ಯಕಿರಣ ತಂಡದ ವಿಮಾನಗಳು ತಾಲೀಮು ನಡೆಸುವಾಗ ಮೊಬೈಲಿನಲ್ಲಿ ನೊಣದ ಸಾಲು ಬಂದರೆ, ಇದರಲ್ಲಿ ರೆಕ್ಕೆಯ ಬಣ್ಣವೂ ಬರುತ್ತದೆ.

ಮನೆಯವರ ಫೋಟೊ ವಿಡಿಯೊದಿಂದಲೇ ಬೇಕಿದ್ದರೆ ಬೇರೆ ದಾರಿ ಇದೆ: ವಿಡಿಯೊವನ್ನು ನಿಲ್ಲಿಸಿ ಒಂದು ಫ್ರೇಮ್, ಅಂದರೆ ಒಂದು ಬಿಡಿ ಚಿತ್ರ, ತೆಗೆದುಕೊಳ್ಳುವುದು. ಫುಲ್ ಎಚ್‌ಡಿ ಫ್ರೇಮ್ 1920 × 1080. ಅದನ್ನು 4 × 6 ಇಂಚಿಗೆ ಕತ್ತರಿಸಿದರೆ ಇಂಚಿಗೆ 270 ಚುಕ್ಕಿ ಸಿಗುತ್ತದೆ, ಸ್ಟುಡಿಯೊದವರು ಕೇಳುವ 300ಕ್ಕೆ ಹತ್ತಿರ. ಅದಕ್ಕಿಂತ ದೊಡ್ಡದು ಮಾಡಿಸಬೇಡ್ರಿ. 4ಕೆ ಫ್ರೇಮ್ ಆದರೆ 3840 × 2160. 8 × 10 ಇಂಚಿಗೂ ಅದೇ 270 ಬರುತ್ತದೆ. 12 × 18ರ ಆಲ್ಬಮ್ ಹಾಳೆಗೆ 180ಕ್ಕೆ ಇಳಿಯುತ್ತದೆ, ಮಾರು ದೂರದಿಂದ ನೋಡುವುದಾದರೆ ನಡೆದೀತು. ಇದರಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, 50ಐ ಎಂಬ ಹಳೇ ಪದ್ಧತಿಯಲ್ಲಿ (ಚಿತ್ರದ ಅರ್ಧರ್ಧ ಗೆರೆಗಳನ್ನು ಒಂದಾದ ಮೇಲೊಂದು ಹಿಡಿಯುವುದು) ತೆಗೆದಿದ್ದರೆ ಅಲುಗಾಡುವ ಕೈ ಮೇಲೆಲ್ಲ ಬಾಚಣಿಕೆ ಹಲ್ಲಿನಂತೆ ಗೆರೆ ಏಳುತ್ತವೆ. ಚಿತ್ರವನ್ನು ಇಡಿಯಾಗಿ ಹಿಡಿಯುವ 50ಪಿ ಅಥವಾ 25ಪಿ ಇಟ್ಟುಕೊಳ್ರಿ. ಎರಡು, ವಿಡಿಯೊದ ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬಿಡುವ ಹೊತ್ತು, ಸಾಮಾನ್ಯವಾಗಿ 1/50 ಸೆಕೆಂಡು. ನಿಂತವರಿಗೆ ಸಾಕು, ತೇರಿಗೆ ಉತ್ತತ್ತಿ ಎಸೆಯುವ ಕೈಗೆ ಸಾಲದು, ಕೈ ಹೊಗೆಯಂತೆ ಬರುತ್ತದೆ. ಶಟರ್ ಕೈಯಿಂದ ಬದಲಿಸಲು ಬರುವ ಮಾದರಿಯಲ್ಲಿ ಬಿಸಿಲಿದ್ದಾಗ 1/250ಕ್ಕೆ ಏರಿಸಬಹುದು. ಆಗ ಫ್ರೇಮ್ ಚೊಕ್ಕ, ಓಡುವ ವಿಡಿಯೊ ಮಾತ್ರ ತುಸು ಎಗರೆಗರಿ ಕಾಣುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಹಾಗಾದರೆ ಮೊಬೈಲ್ ಇರುವಾಗ ಇದು ಯಾಕೆ ಬೇಕು? ಎರಡು ತಾಸಿನ ಮದುವೆಯನ್ನು ಸ್ಟ್ಯಾಂಡಿಗೆ ಹಾಕಿ ಬಿಡಬಹುದು ಅನ್ನುವುದಕ್ಕೆ. ಮೊಬೈಲಾದರೆ ಅಕ್ಕಿಕಾಳು ಬೀಳುವ ಹೊತ್ತಿಗೇ ಸರಿಯಾಗಿ ಯಾರದೋ ಕರೆ ಬರುತ್ತದೆ, ಇಲ್ಲವೇ ಬಿಸಿಯೇರಿ ನಿಂತುಹೋಗುತ್ತದೆ. ಫೋಟೊ ಕ್ಯಾಮೆರಾಗಳಲ್ಲೂ ಎಷ್ಟೋ ಮಾದರಿಗಳು 29 ನಿಮಿಷ 59 ಸೆಕೆಂಡಿಗೆ ತಾವೇ ಬಂದಾಗುತ್ತವೆ. ಹ್ಯಾಂಡಿಕ್ಯಾಮಿಗೆ ಆ ಮಿತಿ ಇಲ್ಲ. ಇನ್ನೊಂದು, ಬೆರಳಲ್ಲಿ ಮೆಲ್ಲಗೆ ಒತ್ತಿದಂತೆ ಮೆಲ್ಲಗೆ ಹೋಗುವ ಝೂಮ್. ಇವೆರಡೂ ಬೇಡದವರು ಆ ದುಡ್ಡಿನಲ್ಲಿ ಒಳ್ಳೆ ಟ್ರೈಪಾಡ್, ಒಂದು ಕಾಲರ್ ಮೈಕ್ ತಂದು ಮೊಬೈಲಿನಲ್ಲೇ ತೆಗೆಯುವುದು ಜಾಣತನ.

ಇನ್ನು ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ. ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ, ಅಲ್ಲಿ ತೆಗೆದದ್ದನ್ನು ಮನೆಯ ಟಿವಿಯಲ್ಲಿ ನೋಡಿದ ಮೇಲೆ ಹಣ ಕೊಡ್ರಿ. ಅಂಗೈಯಗಲದ ಪರದೆಯಲ್ಲಿ ಎಲ್ಲಾ ಕ್ಯಾಮೆರಾನೂ ಚೆಂದವೇ.

ಮೊದಲು ಟ್ಯೂಬ್‌ಲೈಟಿಗೆ ಹಿಡಿರಿ. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಹಳೇ ಚೋಕಿನ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/50 ಶಟರಿನಲ್ಲಿ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು ಸೇರುತ್ತವೆ, ಬೆಳಕು ಸಮ. ಅಮೆರಿಕದಿಂದ ಮಗನೋ ಅಳಿಯನೋ ತಂದುಕೊಟ್ಟ ಕ್ಯಾಮೆರಾ ಅಲ್ಲಿನ ಕರೆಂಟಿನಂತೆ 60ರ ಲೆಕ್ಕದ್ದು. ಅದರ 1/60 ಶಟರಿಗೆ ಒಂದೂ ಮುಕ್ಕಾಲರ ಹತ್ತಿರ ಬೀಳುತ್ತದೆ, ಒಂದು ಫ್ರೇಮಿಗೆ ಹೆಚ್ಚು, ಮುಂದಿನದಕ್ಕೆ ಕಡಿಮೆ. ಛತ್ರದ ಗೋಡೆ ತುಂಬ ಪಟ್ಟಿ ಪಟ್ಟಿ ಏರಿಳಿಯುತ್ತದೆ. ಹಲವು ಮಾದರಿಗಳಲ್ಲಿ 60 ಇದ್ದದ್ದನ್ನು 50 ಮಾಡಲು ಬರುವುದೇ ಇಲ್ಲ. ಕೈಗೆ ಬಂದುಬಿಟ್ಟಿದ್ದರೆ ಶಟರನ್ನು 1/100ಕ್ಕೆ ಕಟ್ಟಿಹಾಕ್ರಿ, ಆಗ ಫ್ರೇಮಿಗೆ ಒಂದೇ ಮಿನುಗು, ಪಟ್ಟಿ ಹೋಗುತ್ತದೆ. ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ, ಅದನ್ನು ತಡೆದುಕೊಳ್ಳಬೇಕು.

ಆಮೇಲೆ ಅಂಗಡಿ ಬಾಗಿಲಲ್ಲಿ ನಿಂತು ರಸ್ತೆಯಾಚೆಯ ಬೋರ್ಡಿಗೆ ಪೂರ್ತಿ ಝೂಮ್ ಹಾಕ್ರಿ, ಕೈಯಲ್ಲೇ ಹಿಡಿದು. ಮುಂಚೆಯೇ ಮೆನುವಿನಲ್ಲಿ ಡಿಜಿಟಲ್ ಝೂಮ್ ಬಂದ್ ಮಾಡಿರಬೇಕು. ಸಾವಿರದ ಲೆಕ್ಕದಲ್ಲಿ ಹೇಳುವ ಝೂಮ್ ಎಲ್ಲಾ ಚಿತ್ರ ಕತ್ತರಿಸಿ ಹಿಗ್ಗಿಸಿದ್ದು. ಆಪ್ಟಿಕಲ್, ಅಂದರೆ ಲೆನ್ಸಿನಿಂದಲೇ ಆಗುವ ಝೂಮ್, ಎಷ್ಟು ಅನ್ನುವುದನ್ನಷ್ಟೇ ಕೇಳ್ರಿ. ಅದರಲ್ಲೂ ಒಂದು ಗುಟ್ಟಿದೆ. ಸಿಎಕ್ಸ್405ರ ಲೆನ್ಸ್ ಅಗಲದಲ್ಲಿ ಎಫ್1.8, ಪೂರ್ತಿ ಝೂಮಿನಲ್ಲಿ ಎಫ್4 (ಎಫ್ ಸಂಖ್ಯೆ ಏರಿದಷ್ಟೂ ಬೆಳಕು ಕಡಿಮೆ). ಎಂದರೆ ಒಳಗೆ ಬರುವ ಬೆಳಕು ಐದರಲ್ಲಿ ಒಂದು ಪಾಲಾಗುತ್ತದೆ. ಸಂಜೆ ತೇರು ಎಳೆಯುವ ಹೊತ್ತಿಗೆ ದೂರದ ಮಾಳಿಗೆಯಿಂದ ಝೂಮ್ ಹಾಕಿದವರ ವಿಡಿಯೊ ಯಾಕೆ ಮಸುಕು ಅಂದರೆ ಇದಕ್ಕೇ. ನಾಲ್ಕು ಮನೆ ಮುಂದೆ ಬಂದು ನಿಂತು ಅರ್ಧ ಝೂಮಿನಲ್ಲಿ ತೆಗೆದರೆ ಅದೇ ಕ್ಯಾಮೆರಾ ಬೇರೆಯೇ ಚಿತ್ರ ಕೊಡುತ್ತದೆ.

ಮನೆಯೊಳಗೆ ಝೂಮಿಗಿಂತ ಅಗಲ ಮುಖ್ಯ. ಹತ್ತಡಿ ಕೋಣೆಯಲ್ಲಿ ತೊಟ್ಟಿಲು, ಬಾಣಂತಿ, ಹಾಡು ಹೇಳುವ ಹೆಣ್ಣುಮಕ್ಕಳು ಎಲ್ಲಾ ಬರಬೇಕಾದರೆ ಲೆನ್ಸ್ 30 ಮಿಮೀಗಿಂತ ಕಡಿಮೆಯಿಂದ ಶುರುವಾಗಬೇಕು. ಕೈನಡುಕ ತಡೆಯುವ ವ್ಯವಸ್ಥೆ ಎಲೆಕ್ಟ್ರಾನಿಕ್ ಆಗಿದ್ದರೆ ಅದು ಸುತ್ತಲಿನ ಅಂಚು ಕತ್ತರಿಸಿಯೇ ಚಿತ್ರ ನಿಲ್ಲಿಸುವುದು, ಆ ಅಗಲವೂ ಸೋರಿಹೋಗುತ್ತದೆ. ಸೋನಿಯದ್ದೇ ಎಫ್‌ಡಿಆರ್-ಎಎಕ್ಸ್43ರಲ್ಲಿ ಲೆನ್ಸು, ಸೆನ್ಸರು ಎರಡೂ ಒಂದೇ ಗಡ್ಡೆಯಾಗಿ ಒಳಗೆ ತೂಗುತ್ತವೆ. ನಡೆದುಕೊಂಡು ತೆಗೆದರೂ ಚಿತ್ರ ತೇಲಿದಂತೆ ಬರುತ್ತದೆ. ಸೆನ್ಸರಿನ ಕರ್ಣವೂ 7.2 ಮಿಮೀ, ಜೋಳದಿಂದ ತೊಗರಿ ಕಾಳಿಗೆ ಬಂದಂತಾಯಿತು. ದುಡ್ಡು ಕೊಡುವುದಾದರೆ ಇಂಥ ವ್ಯತ್ಯಾಸಕ್ಕೆ ಕೊಡ್ರಿ.

ದನಿ. ಇದನ್ನು ಯಾರೂ ಅಂಗಡಿಯಲ್ಲಿ ನೋಡುವುದಿಲ್ಲ, ಮನೆಗೆ ಬಂದ ಮೇಲೆ ಎಲ್ಲರೂ ಬೈಯುತ್ತಾರೆ. ಕ್ಯಾಮೆರಾದ ಮೈಕು ದನಿಯ ಮಟ್ಟವನ್ನು ತಾನೇ ಏರಿಸಿ ಇಳಿಸುತ್ತದೆ. ಹಲಗೆ, ಡೊಳ್ಳು ಬಡಿದಾಗ ದಪ್ಪನೆ ಇಳಿಸುತ್ತದೆ, ಬಡಿತ ನಿಂತ ಮೇಲೆ ಮತ್ತೆ ಏರಲು ಹೊತ್ತು ಬೇಕು, ಅಷ್ಟರಲ್ಲಿ ಅಜ್ಜಿಯ ಎರಡು ಮಾತು ಹೋಗಿರುತ್ತವೆ. ಶಹಾಬಾದ್ ಫರಸಿ ಹಾಸಿದ ಖಾಲಿ ಹಾಲಿನಲ್ಲಿ ಮಾತು ಬಾವಿಯೊಳಗಿಂದ ಬಂದಂತಾಗುತ್ತದೆ. ಜಮಖಾನ ಹಾಸಿ, ಮಾತಾಡುವವರಿಂದ ಮೂರ್ನಾಲ್ಕು ಅಡಿಯಲ್ಲಿ ಕ್ಯಾಮೆರಾ ಇಡ್ರಿ. ನಿಜವಾದ ಪರಿಹಾರ ಹೊರಗಿನ ಮೈಕು. ಅದಕ್ಕೆ 3.5 ಮಿಮೀ ತೂತು ಇರಬೇಕು. ಸಿಎಕ್ಸ್405ರಲ್ಲಿ ಅದು ಇಲ್ಲವೇ ಇಲ್ಲ. ಪ್ಯಾನಸೋನಿಕ್ ಎಚ್‌ಸಿ-ವಿ785, ಕ್ಯಾನನ್ ಎಚ್‌ಎಫ್ ಆರ್800 ಇವುಗಳಲ್ಲಿ ಇದೆ. ಇಲ್ಲದ ಕ್ಯಾಮೆರಾ ಈಗಾಗಲೇ ಮನೆಯಲ್ಲಿದ್ದರೆ, ಮಂತ್ರ ಹೇಳುವವರ ಹತ್ತಿರ ಒಂದು ಮೊಬೈಲನ್ನು ದನಿ ರೆಕಾರ್ಡಿಗೆ ಹಾಕಿಡ್ರಿ, ಶುರುವಿನಲ್ಲಿ ಕ್ಯಾಮೆರಾ ಮುಂದೆ ಒಂದು ಸಲ ಜೋರಾಗಿ ಚಪ್ಪಾಳೆ ತಟ್ರಿ. ಆ ಚಪ್ಪಾಳೆಯ ಚೂಪನ್ನು ಚೂಪಿಗೆ ಕೂಡಿಸಿದರೆ ಎಡಿಟಿಂಗಿನಲ್ಲಿ ಎರಡೂ ಹೊಂದುತ್ತವೆ. ಕೊನೆಗೆ ಇನ್ನೊಂದು ಚಪ್ಪಾಳೆ ಇರಲಿ, ತಾಸುಗಟ್ಟಲೆ ಓಡಿದ ಮೇಲೆ ಎರಡು ಯಂತ್ರದ ಗಡಿಯಾರ ತುಸು ಸರಿದಿರುತ್ತವೆ.

ಆನ್‌ಲೈನ್‌ನಲ್ಲಿ ಕೆಲವೇ ಸಾವಿರಕ್ಕೆ 4ಕೆ, 48 ಮೆಗಾಪಿಕ್ಸೆಲ್, ಮೇಲೊಂದು ಮೈಕು, ಮುಂದೊಂದು ಅಗಲದ ಗಾಜು, ರಿಮೋಟು ಎಲ್ಲಾ ಸೇರಿಸಿ ಮಾರುವ ಹೆಸರೇ ಕೇಳದ ಕ್ಯಾಮೆರಾಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಬಹುಪಾಲಿಗೆ ಆಪ್ಟಿಕಲ್ ಝೂಮ್ ಇರುವುದಿಲ್ಲ. 16 ಪಟ್ಟು ಎಂದು ಬರೆದದ್ದು ಡಿಜಿಟಲ್. ಫೋಕಸ್ ಒಂದೇ ದೂರಕ್ಕೆ ಕಟ್ಟಿದ್ದು, ಎರಡಡಿ ಹತ್ತಿರ ಬಂದರೆ ಮಸುಕು. 4ಕೆ ಅನ್ನುವುದು ಚಿಕ್ಕ ಚಿತ್ರವನ್ನು ಹಿಗ್ಗಿಸಿದ್ದು. ವಿವರ ಓದುವಾಗ ಆಪ್ಟಿಕಲ್ ಎಂಬ ಪದವಿಲ್ಲದೆ ಬರೀ ಝೂಮ್ ಎಂದಿದ್ದರೆ ಮುಂದೆ ಓದುವುದೇ ಬೇಡ.

ನಮ್ಮ ಬಿಸಿಲಿಗೆ ಬರೋಣ. ಇಂಥ ಕ್ಯಾಮೆರಾಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ ಕೆಲಸದ ಉಷ್ಣತೆ 0ಯಿಂದ 40 ಡಿಗ್ರಿ ಎಂದಿರುತ್ತದೆ. ಮೇ ತಿಂಗಳ ಕಲಬುರಗಿ, ಯಾದಗಿರಿ ಆ ಗೆರೆಯನ್ನು ನೆರಳಲ್ಲೇ ದಾಟುತ್ತವೆ. ಕಪ್ಪು ಬಣ್ಣದ ಮೈ ಬಿಸಿಲಿನಲ್ಲಿ ಅರ್ಧ ತಾಸು ಇದ್ದರೆ ಒಳಗೆ ಇನ್ನೂ ಹೆಚ್ಚು. ಬಿಳಿ ಟವೆಲ್ ಒಣಗಿದ್ದನ್ನೇ ಹೊದಿಸ್ರಿ, ಹಸಿ ಬಟ್ಟೆ ಬೇಡ, ಪರದೆ ಬಿಚ್ಚಿಟ್ಟು ಮೈಗೆ ಗಾಳಿ ಆಡಲು ಬಿಡ್ರಿ, ಕಾರಿನ ಡ್ಯಾಶ್‌ಬೋರ್ಡ್ ಮೇಲಂತೂ ಇಡಲೇಬೇಡ್ರಿ. ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಒಯ್ಯುವವರಿಗೆ ಬಿಸಿಲಿಗಿಂತ ಭಂಡಾರದ ಚಿಂತೆ. ಅರಿಷಿಣ ಪುಡಿ ಲೆನ್ಸಿನ ಮುಂದೆ ತಾನೇ ತೆರೆದು ಮುಚ್ಚುವ ಆ ತೆಳು ಮುಚ್ಚಳದ ಸಂದಿಗೆ ಸೇರಿದರೆ ಮುಚ್ಚಳ ಅರ್ಧಕ್ಕೇ ನಿಂತು, ವಿಡಿಯೊದ ಮೂಲೆಯಲ್ಲಿ ಕಪ್ಪು ನೆರಳು ಬರುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಲೆನ್ಸಿನಷ್ಟೇ ತೂತು ಮಾಡಿ ರಬ್ಬರ್ ಬ್ಯಾಂಡ್ ಹಾಕ್ರಿ, ಫಿಲ್ಟರ್ ಕೂರುವ ಮಾದರಿಯಾದರೆ ಒಂದು ಸಾದಾ ಯುವಿ ಫಿಲ್ಟರ್. ಒರೆಸಲು ಸೆರಗು, ಧೋತ್ರದ ತುದಿ ಬೇಡ. ರಬ್ಬರ್ ಬ್ಲೋವರಿನಿಂದ ಊದಿದ ಮೇಲೇ ಬಟ್ಟೆ ಮುಟ್ಟಿಸಬೇಕು. ಬೀದರಿನ ಝರಣಿ ನರಸಿಂಹನ ಗವಿಯೊಳಗೆ ಎದೆಮಟ್ಟ ನೀರು, ಅಲ್ಲಿಗೆ ಒಯ್ಯುವ ಯೋಚನೆ ಬಿಡ್ರಿ. ಬಿದರಿ ಕಲೆಯ ಹೂಜಿ ತೆಗೆಯುವವರು ಎಕ್ಸ್‌ಪೋಷರನ್ನು (ಚಿತ್ರದ ಬೆಳಕಿನ ಮಟ್ಟ) ಒಂದೆರಡು ಹಂತ ಇಳಿಸಿಕೊಳ್ರಿ. ಇಲ್ಲದಿದ್ದರೆ ಕ್ಯಾಮೆರಾ ಆ ಕಪ್ಪನ್ನು ಬೂದಿ ಮಾಡಿ ಬೆಳ್ಳಿಯನ್ನು ಸುಟ್ಟುಬಿಡುತ್ತದೆ.

ಬ್ಯಾಟರಿ ಹೊರಗೆ ಸಿಗಿಸುವ ಮಾದರಿಯಾದರೆ ಮುಂದೆ ದೊಡ್ಡದು ಹಾಕಬಹುದು. ಹೊಟ್ಟೆಯೊಳಗೆ ಕೂರುವುದಾದರೆ ಅದೇ ಅಳತೆಯದ್ದು ಇನ್ನೆರಡು ಬೇಕು, ಬದಲಿಸುವ ಹೊತ್ತಿಗೆ ತಾಳಿ ಕಟ್ಟಿ ಮುಗಿದಿರಬಾರದು. ಪವರ್ ಬ್ಯಾಂಕ್ ಹಚ್ಚಿ ರೆಕಾರ್ಡಿಂಗ್ ನಡೆಯುತ್ತದೋ ಅಂಗಡಿಯಲ್ಲೇ ನೋಡ್ರಿ.

ಕಾರ್ಡಿನ ಲೆಕ್ಕ: 28 ಎಂಬಿಪಿಎಸ್‌ನ (ಸೆಕೆಂಡಿಗೆ 28 ಮೆಗಾಬಿಟ್) ಫುಲ್ ಎಚ್‌ಡಿ ತಾಸಿಗೆ ಸುಮಾರು 12.6 ಜಿಬಿ, 50ರದ್ದು 22.5, 100ರ 4ಕೆ 45 ಜಿಬಿ ತಿನ್ನುತ್ತದೆ. ಹೊಸ ಕಾರ್ಡ್ ನಕಲಿಯೋ ಅಸಲಿಯೋ ತಿಳಿಯಲು ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು ಎಂಬ ಪುಕ್ಕಟೆ ತಂತ್ರಾಂಶ ಓಡಿಸ್ರಿ, ಪೂರ್ತಿ ಬರೆದು ಪೂರ್ತಿ ಓದಿ ಹೇಳುತ್ತದೆ. ನಕಲಿ ಕಾರ್ಡಿನ ಮೋಸ ಮೊದಲ ಅರ್ಧ ತಾಸು ಗೊತ್ತೇ ಆಗುವುದಿಲ್ಲ, ಆಮೇಲಿನದೆಲ್ಲ ಖಾಲಿ.

ಕಂಪ್ಯೂಟರಿಗೆ ಇಳಿಸುವಾಗ ವಿಡಿಯೊ ಇರುವ ಎಂಟಿಎಸ್ ಕಡತಗಳನ್ನಷ್ಟೇ ಆರಿಸಿ ಎಳೆಯಬೇಡ್ರಿ. ಎವಿಸಿಎಚ್‌ಡಿ ಎಂಬ ರೆಕಾರ್ಡಿಂಗ್ ಪದ್ಧತಿಯಲ್ಲಿ ಉದ್ದದ ವಿಡಿಯೊ ತುಂಡು ತುಂಡಾಗಿ ಉಳಿದಿರುತ್ತದೆ, ತುಂಡನ್ನು ತುಂಡಿಗೆ ಹೊಂದಿಸುವ ಮಾಹಿತಿ ಬೇರೆ ಕಡತಗಳಲ್ಲಿರುತ್ತದೆ. ಪ್ರೈವೇಟ್ ಎಂಬ ಫೋಲ್ಡರನ್ನು ಇಡಿಯಾಗಿ ನಕಲು ಮಾಡ್ರಿ, ಎರಡು ಹಾರ್ಡ್ ಡಿಸ್ಕಿಗೆ. ಕಾರ್ಡಿನೊಳಗಿನ ಕಡತದ ಹೆಸರನ್ನು ಕಂಪ್ಯೂಟರಿನಲ್ಲಿ ಬದಲಿಸುವುದಾಗಲಿ ಅಳಿಸುವುದಾಗಲಿ ಮಾಡಿದರೆ, ಮತ್ತೆ ಕ್ಯಾಮೆರಾಗೆ ಹಾಕಿದಾಗ ಇಮೇಜ್ ಡೇಟಾಬೇಸ್ ಕೆಟ್ಟಿದೆ ಎಂದು ಅದು ತಕರಾರು ತೆಗೆಯುತ್ತದೆ. ಖಾಲಿ ಮಾಡುವುದು ಕ್ಯಾಮೆರಾದ ಫಾರ್ಮ್ಯಾಟಿನಿಂದಲೇ. ಇನ್ನು ವರ್ಷಕ್ಕೊಮ್ಮೆ ಜಾತ್ರೆಗಷ್ಟೇ ಅಲ್ಮಾರಿಯಿಂದ ಹೊರಬರುವ ಕ್ಯಾಮೆರಾ ಆದರೆ, ಒಳಗಿನ ಪುಟ್ಟ ಗಡಿಯಾರದ ಬ್ಯಾಟರಿ ಇಳಿದು ತಾರೀಖು ಹಿಂದಕ್ಕೆ ಹೋಗಿರುತ್ತದೆ. ಹಿಂದಿನ ದಿನವೇ ಚಾರ್ಜಿಗೆ ಇಟ್ಟು ತಾರೀಖು ಸರಿಮಾಡಿಕೊಳ್ರಿ, ಇಲ್ಲದಿದ್ದರೆ ಈ ವರ್ಷದ ತೇರು ಕಂಪ್ಯೂಟರಿನಲ್ಲಿ ಯಾವುದೋ ಹಳೇ ವರ್ಷದ ತೊಟ್ಟಿಲಿನ ಹಿಂದೆ ಹೋಗಿ ಕೂರುತ್ತದೆ.